ನಂಚಿಕೆಯ ಇತಿಹಾಸ: ಕನ್ನಡಿಗರ ಹಸಿ ಅಡುಗೆಯ ಬಗೆಗೆ ಕೆಲವು ವಿಚಾರಗಳು

ಊಟಕ್ಕೆ ಕುಳಿತ ಕನ್ನಡಿಗನು ಮುಂಬಯಿಯ ಚಾಳಿನಲ್ಲಿರಲಿ, ದಿಲ್ಲಿಯ ಸರಕಾರಿ ವಸತಿಯಲ್ಲಿರಲಿ, ಅನ್ನವೋ ರೊಟ್ಟಿಯೋ ಮುಂದೆ ಬಂದೊಡನೆ ಕೇಳುವ ಮಾತು ಒಂದೇ: "ನಂಚಿಕೊಳ್ಳಲು ಏನಿದೆ?" ಕೆಲವರು 'ನೆಂಚಿಕೊಳ್ಳು' ಎನ್ನುವರು, ಕೆಲವರು 'ನಂಜಿಕೊಳ್ಳು' ಎನ್ನುವರು; ಅರ್ಥದಲ್ಲಿ ಭೇದವಿಲ್ಲ. ಮುಖ್ಯ ಆಹಾರದ ಒಂದೊಂದು ತುತ್ತಿಗೂ ಬೇರೊಂದು ರುಚಿಯನ್ನು ಬೆರಳ ತುದಿಯಷ್ಟು ತಾಗಿಸಿ ತಿನ್ನುವ ಕ್ರಿಯೆ ಅದು. ಕಲಸಿಕೊಳ್ಳುವುದು ಬೇರೆ, ಸುರಿದುಕೊಳ್ಳುವುದು ಬೇರೆ, ನಂಚಿಕೊಳ್ಳುವುದು ಬೇರೆ. ಇಷ್ಟು ಸೂಕ್ಷ್ಮವಾದ ಭೇದವನ್ನು ಸೂಚಿಸುವುದಕ್ಕೆ ಒಂದು ಸ್ವತಂತ್ರ ಧಾತುವನ್ನೇ ಇಟ್ಟುಕೊಂಡಿರುವ ಜನರು ನಾವು. ಆದರೆ ಆ ಧಾತುವಿಗೆ ಕರ್ಮಪದಗಳಾಗಿ ಬರುವ ಗೊಜ್ಜು, ತಂಬುಳಿ, ಪಚ್ಚಡಿ, ಮೊಸರುಬಜ್ಜಿ, ಕೋಸಂಬರಿಗಳ ಪೂರ್ವೋತ್ತರವನ್ನು ವಿಚಾರಿಸಿದ್ದು ಕಡಮೆ. ಇವು ಬೇಯದೆಯೋ ಅರೆಬೆಂದೋ ಸಿದ್ಧವಾಗತಕ್ಕವು. ಆ ದಿನ ಮಾಡಿ ಆ ದಿನವೇ ಮುಗಿಸತಕ್ಕವು. ಕಾಯಿ ಸೊಪ್ಪುಗಳೇ ಇವುಗಳ ಒಡಲು. ಉಪ್ಪಿನಕಾಯಿಯನ್ನು ನಾನು ಬುದ್ಧಿಪೂರ್ವಕವಾಗಿಯೇ ಈ ಲೇಖನದಿಂದ ಹೊರಗಿಟ್ಟಿದ್ದೇನೆ. ಅದು ಜಾಡಿಯ ವಿಷಯ. ನಮ್ಮದು ಬಟ್ಟಲಿನ ವಿಷಯ.

ಈ ವಿಚಾರಕ್ಕೆ ನನ್ನನ್ನು ಎಳೆದುದು ಒಂದು ಚಿಕ್ಕ ಜಗಳವೆಂದು ಒಪ್ಪಿಕೊಳ್ಳಬೇಕು. ಇಲ್ಲಿಯ ಕನ್ನಡಿಗರ ಒಂದು ಸಮಾರಂಭದ ಊಟಕ್ಕೆ ಏನೇನು ಮಾಡಿಸಬೇಕೆಂಬ ಚರ್ಚೆ ನಡೆದಿತ್ತು. ಟೊಮೆಟೊ ಗೊಜ್ಜಿನ ಹೆಸರು ಬಂದಾಗ ಹಿರಿಯರೊಬ್ಬರು, "ಅದು ನಮ್ಮದಲ್ಲ, ನಮ್ಮ ಮುತ್ತಜ್ಜಂದಿರು ಅದನ್ನು ಕಂಡವರೇ ಅಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದರು. ಮೂಲೆಯಲ್ಲಿ ಕುಳಿತಿದ್ದ ತರುಣಿಯೊಬ್ಬಳು, "ಹಾಗಾದರೆ ರಾಯರೆ, ಮೆಣಸಿನಕಾಯಿಯನ್ನೂ ಬಿಡಬೇಕಾಗುತ್ತದಲ್ಲ?" ಎಂದಳು. ಎಲ್ಲರೂ ನಕ್ಕರು, ಗೊಜ್ಜು ಉಳಿಯಿತು. ನನಗೆ ಮಾತ್ರ ಆ ನಗೆಯಲ್ಲಿ ಪ್ರಶ್ನೆ ಕರಗಿಹೋಯಿತೆನ್ನಿಸಲಿಲ್ಲ. ಇಬ್ಬರ ಮಾತೂ ನಿಜವೇ. ಹಾಗಿದ್ದಲ್ಲಿ, ಮನೆಬಿಟ್ಟು ನೂರಾರು ಹರಿದಾರಿ ದೂರದಲ್ಲಿ ನೆಲೆಸಿದ ನಾವು 'ನಮ್ಮ ಅಡುಗೆ' ಎಂದು ಹಿಡಿದುಕೊಂಡಿರುವುದು ಯಾವುದನ್ನು?

ಕನ್ನಡ ನಾಡಿನ ಪಾಕವಿದ್ಯೆಗೆ ಲಿಖಿತ ಆಧಾರಗಳು ಇಲ್ಲದಿಲ್ಲ. ಸುಮಾರು 1025ರಲ್ಲಿ, ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಬೇಸಾಯ, ಜಲಶೋಧನೆ, ಸುಗಂಧದ್ರವ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಪ್ರಕರಣವುಂಟು. ಅದೇ ವಂಶದ ಮುಮ್ಮಡಿ ಸೋಮೇಶ್ವರನು 1129ರ ವೇಳೆಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವು ವಿದ್ವಾಂಸರಿಗೆ ಸುಪರಿಚಿತ. ಇಡ್ಡಲಿ ದೋಸೆಗಳ ಪೂರ್ವಜರನ್ನು ಹುಡುಕುವವರೆಲ್ಲರೂ ಅದರ ಬಾಗಿಲನ್ನು ತಟ್ಟಿರುವರು. ಮೂರನೆಯದು ಮುಮ್ಮಡಿ ಮಂಗರಸನ 'ಸೂಪಶಾಸ್ತ್ರ', ವಾರ್ಧಕ ಷಟ್ಪದಿಯಲ್ಲಿರುವ ಕನ್ನಡ ಗ್ರಂಥ. ಕೆಳದಿಯ ಬಸವಪ್ಪ ನಾಯಕನ (ಆಳ್ವಿಕೆ 1697-1714) 'ಶಿವತತ್ತ್ವರತ್ನಾಕರ'ದಲ್ಲಿಯೂ ಅಡುಗೆಮನೆ, ಪಾತ್ರೆಪದಾರ್ಥ, ಪಾಕಕ್ರಮಗಳ ವಿವರಣೆ ಬರುವುದು.

ಈ ಗ್ರಂಥಗಳ ಮುದ್ರಣದ ಚರಿತ್ರೆ ನಮ್ಮಂಥ ಹೊರನಾಡಿನವರಿಗೆ ಸ್ವಲ್ಪ ಸಮಾಧಾನವನ್ನು ತರುವಂತಿದೆ. 'ಮಾನಸೋಲ್ಲಾಸ'ದ ಒಂದು ಭಾಗ ಮೈಸೂರಿನಲ್ಲಿ 1926ರಲ್ಲಿ ಬೆಳಕು ಕಂಡದ್ದುಂಟು; ಆದರೆ ಅದು ಮೂರು ಸಂಪುಟಗಳಲ್ಲಿ ಹೊರಬಂದುದು 1925, 1939, 1961ರಲ್ಲಿ, ಬರೋಡೆಯಿಂದ. 'ಲೋಕೋಪಕಾರ'ವು 1950ರಲ್ಲಿ ಮದರಾಸಿನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಮೂಲಕ ಅಚ್ಚಾಯಿತು. ಅದರ ಇಂಗ್ಲಿಷ್ ಅನುವಾದ 2006ರಲ್ಲಿ ಸಿಕಂದರಾಬಾದಿನಿಂದ ಪ್ರಕಟವಾಯಿತು. ಮಂಗರಸನ ಕೃತಿ ಇಂಗ್ಲಿಷಿನಲ್ಲಿ ದಿಲ್ಲಿಯಿಂದ ಬಂದುದು 2012ರಲ್ಲಿ. ಪರಸ್ಥಳದಲ್ಲಿ ಕುಳಿತು ನಾಡಿನ ಅಡುಗೆಯನ್ನು ಹಂಬಲಿಸುವ ಚಾಳಿ ನಮ್ಮೊಬ್ಬರದೇ ಅಲ್ಲವೆಂದಾಯಿತು.

ಈ ನಾಲ್ಕರಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ಅತ್ಯಂತ ಸಮೀಪವಾದುದು ಮಂಗರಸನದು. ಸೋಮೇಶ್ವರನ ಪುಸ್ತಕ ಚಕ್ರವರ್ತಿಯ ಭೋಗಕ್ಕೆ ಹೊರಟದ್ದು. ಅದರಲ್ಲಿ ಮಾಂಸಪಾಕದ ಸಂಭ್ರಮ ವಿಶೇಷ. ಮಂಗರಸನು ಜೈನನು, ಕಲ್ಲಹಳ್ಳಿಯ ಪ್ರಭುವಂಶದವನು, 'ಸಮ್ಯಕ್ತ್ವಕೌಮುದಿ' 'ಜಯನೃಪಕಾವ್ಯ'ಗಳ ಕವಿ. ಅವನ ಅಡುಗೆಯೆಲ್ಲವೂ ಶಾಕಾಹಾರ. ಅದರಲ್ಲಿ ಬದನೆ, ಬಾಳೆ, ಹಲಸು, ಕಳಲೆಗಳಿಗೆ ಸಂದಿರುವ ಗೌರವವನ್ನು ಕಂಡರೆ ಆಶ್ಚರ್ಯವಾಗುವುದು. ಬಹುಬೀಜವೆಂಬ ಕಾರಣದಿಂದ ಬದನೆಯನ್ನು ನಿಷ್ಠಾವಂತ ಜೈನರು ವರ್ಜಿಸುವರಷ್ಟೆ. ಇಲ್ಲಿ ಜೈನ ಕವಿಯೇ ಅದರ ಪಾಕಗಳನ್ನು ಬಾಯಿ ಚಪ್ಪರಿಸುವಂತೆ ಎಣಿಸುತ್ತ ಹೋಗುವನು. ಶಾಸ್ತ್ರ ಬರೆಯುವ ಕೈ ಬೇರೆ, ಬಟ್ಟಲಿಗೆ ಹೋಗುವ ಕೈ ಬೇರೆಯೆಂಬುದು ಆಗಲೂ ಹೀಗೆಯೇ ಇದ್ದಿರಬೇಕು.

ಮಂಗರಸನ ಕಾಲ ಇನ್ನೊಂದು ಕಾರಣದಿಂದ ಗಮನಾರ್ಹ. 'ಸೂಪಶಾಸ್ತ್ರ'ವನ್ನು ಸಾಮಾನ್ಯವಾಗಿ 1508-09ರ ಸುಮಾರಿನದೆಂದು ಗಣಿಸುವರು. ಪೋರ್ಚುಗೀಸರು ಗೋವೆಯನ್ನು ಹಿಡಿದುದು 1510ರಲ್ಲಿ. ಅಮೆರಿಕ ಖಂಡದ ಬೆಳೆಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿದುದು ಆ ಶತಮಾನದಲ್ಲಿಯೇ. ಎಂದರೆ, ಮೆಣಸಿನಕಾಯಿ ನಾಡಿನೊಳಕ್ಕೆ ಹಬ್ಬುವುದಕ್ಕೆ ತುಸು ಮುಂಚಿನ ಅಡುಗೆಮನೆಯ ಚಿತ್ರವನ್ನು ಅವನು ನಮಗೆ ಉಳಿಸಿಕೊಟ್ಟಿರುವನು. ಆ ಅಡುಗೆಮನೆಯಲ್ಲಿ ಮೆಣಸಿನಕಾಯಿಯಿಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆಯಿಲ್ಲ, ಶೇಂಗಾ ಇಲ್ಲ, ಹುರುಳಿಕಾಯಿ ಎಂದು ನಾವೀಗ ಕರೆಯುವ ತರಕಾರಿಯಿಲ್ಲ. ಖಾರಕ್ಕೆ ಮೆಣಸು, ಶುಂಠಿ. ಕಂಪಿಗೆ ಇಂಗು, ಜೀರಿಗೆ. ಹುಳಿಗೆ ಹುಣಿಸೆ, ನಿಂಬೆ, ಮಜ್ಜಿಗೆ. ಇವಿಷ್ಟರಿಂದಲೇ ಅವನ ಕಾಲದ ಗೃಹಿಣಿ ನಂಚಿಕೆಯನ್ನು ಹದಗೊಳಿಸುತ್ತಿದ್ದಳು.

ಅನಂತರ ಬಂದ ಕಾಯಿಪಲ್ಯಗಳನ್ನು ಕನ್ನಡವು ಬರಮಾಡಿಕೊಂಡ ರೀತಿಯಲ್ಲಿ ಒಂದು ಕ್ರಮವಿದೆ. ಹೊಸ ಖಾರದ ಕಾಯಿಗೆ ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ, ಮೆಣಸಿನ ಕೆಲಸ ಮಾಡುವ ಕಾಯಿ 'ಮೆಣಸಿನಕಾಯಿ' ಎಂದು ಹಳೆಯ ಹೆಸರಿಗೇ ಗಂಟುಹಾಕಿತು. ಕಾಲಕ್ರಮದಲ್ಲಿ ಅತಿಥಿಯೇ ಯಜಮಾನನಾಗಿ, ಮೂಲದ ಮೆಣಸು ತನ್ನ ಹೆಸರಿಗೆ ವಿಶೇಷಣವನ್ನು ಹುಡುಕಿಕೊಳ್ಳಬೇಕಾಗಿ ಬಂದಿತು: ಕರಿಮೆಣಸು, ಕಾಳುಮೆಣಸು. ಕರಾವಳಿಯವರು 'ಒಳ್ಳೆಮೆಣಸು' ಎನ್ನುವಾಗ ಹೊಸದರ ಮೇಲಿನ ಹಳೆಯ ಅಸಮಾಧಾನವೊಂದು ಆ 'ಒಳ್ಳೆ'ಯಲ್ಲಿ ಉಳಿದಿರುವಂತೆ ನನಗೆ ತೋರುವುದು. ಹುರುಳಿಯನ್ನು ಹೋಲುವ ಬೀಜವುಳ್ಳದ್ದು ಹುರುಳಿಕಾಯಿಯಾಯಿತು. ಕೋಸು ಎಂಬ ಪರದೇಶದ ಮಾತಿಗೆ ಎಲೆ, ಹೂ, ನವಿಲುಗಳನ್ನು ಸೇರಿಸಿ ಎಲೆಕೋಸು, ಹೂಕೋಸು, ನವಿಲುಕೋಸುಗಳಾದುವು. ಟೊಮೆಟೊವಿಗೆ ಕೆಲವೆಡೆ ಗೂದೆಹಣ್ಣೆಂದೂ ಚಪ್ಪರಬದನೆಯೆಂದೂ ಕರೆದು ನೋಡಿದ್ದುಂಟು; ಆ ಹೆಸರುಗಳು ನಿಲ್ಲಲಿಲ್ಲ. ಪರಂಗಿಯವರ ಮೂಲಕ ಬಂದುದು ಪರಂಗಿಹಣ್ಣು. ಸೀಮೆಯಿಂದ ಬಂದ ಎಣ್ಣೆ ಸೀಮೆಎಣ್ಣೆಯಾದಂತೆ, ಸೀಮೆಯ ಬದನೆ ಸೀಮೆಬದನೆಯಾಯಿತು. ಈ ಕೊನೆಯದರ ಕಥೆ ಮದರಾಸಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ತೋಟದಲ್ಲಿ, 1874ರಿಂದ 1908ರವರೆಗೆ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ನರ ಕಾಲದಲ್ಲಿ, ಅನೇಕ ಪರದೇಶದ ಸಸ್ಯಗಳನ್ನು ತಂದು ಒಗ್ಗಿಸಿದರು. ಮೆಕ್ಸಿಕೋ ದೇಶದ ಈ ಕಾಯಿಯನ್ನು ನಾವು ಸೀಮೆಯದೆಂದು ಕರೆದೆವು. ತಮಿಳರೋ ಬೆಂಗಳೂರಿನಿಂದ ಬಂತೆಂದು ಅದಕ್ಕೆ 'ಬೆಂಗಳೂರು ಕತ್ತರಿಕ್ಕಾಯ್' ಎಂದರು. ಮದರಾಸಿನ ಸಂತೆಯಲ್ಲಿ ತನ್ನ ಊರಿನ ಹೆಸರನ್ನು ಕೇಳಿ ಹಿಗ್ಗುವ ಬೆಂಗಳೂರಿಗನು, ಆ ಹೆಸರು ಅಂಟಿರುವುದು ತನ್ನ ಊರಿನದಲ್ಲದ ಕಾಯಿಗೆಂಬುದನ್ನು ಮರೆಯುವನು.

ಬದನೆಯ ಹೆಸರಿನ ಪಯಣ ಇದಕ್ಕೆ ನೇರ ವಿರುದ್ಧವಾದುದು. ಗಿಡ ಈ ದೇಶದ್ದೇ. ಸಂಸ್ಕೃತದ 'ವಾತಿಂಗಣ'ವು ಪಾರಸಿಯ ಮೂಲಕ ಅರಬ್ಬಿಗೆ ಹೋಗಿ, ಅಲ್ಲಿಂದ ಐಬೀರಿಯ ದೇಶಕ್ಕೆ ದಾಟಿ, ಪೋರ್ಚುಗೀಸಿನಲ್ಲಿ 'ಬೆರಿಂಜೆಲ'ವಾಗಿ, ಹಡಗು ಹತ್ತಿ ಮರಳಿ ಬಂದು ಇಲ್ಲಿಯ ಇಂಗ್ಲಿಷಿನಲ್ಲಿ 'ಬ್ರಿಂಜಾಲ್' ಆಯಿತು. ಸಂಸ್ಕೃತದ ಆ ಮಾತಿಗೆ ದ್ರಾವಿಡ ಮೂಲವನ್ನು ಹೇಳುವ ಭಾಷಾವಿಜ್ಞಾನಿಗಳೂ ಉಂಟು. ಹಾಗಿದ್ದಲ್ಲಿ ನಮ್ಮ 'ಬದನೆ' ಆ ಯಾತ್ರೆಗೆ ಹೊರಡದೆ ಮನೆಯಲ್ಲೇ ಉಳಿದ ದಾಯಾದಿ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿಯ ಸಂತೆಯಲ್ಲಿ ನಿಂಬೆ, ಕಿತ್ತಳೆ, ಬದನೆಗಳ ರಾಶಿಯನ್ನು ಕಂಡು ಬೆರಗಾದನು. ಆ ಕಾಯಿಯ ಹೆಸರು ಅವನಿಗೆ ಪರಿಚಿತವಾಗಿದ್ದುದು, ಈ ದೇಶವು ಅದನ್ನು ಹಿಂದೆಯೇ ಅವನ ದೇಶಕ್ಕೆ ಕಳುಹಿಸಿಕೊಟ್ಟಿದ್ದ ಕಾರಣದಿಂದ. ಕೆಂಡದಲ್ಲಿ ಸುಟ್ಟ ಬದನೆಯ ಸಿಪ್ಪೆ ತೆಗೆದು, ಹಿಸುಕಿ, ಉಪ್ಪು ಹುಳಿಯೊಡನೆಯೋ ಮೊಸರಿನೊಡನೆಯೋ ಕಲಸುವ ಕ್ರಮ ನಮ್ಮಲ್ಲಿ ಸುಟ್ಟ ಬದನೆಕಾಯಿ ಗೊಜ್ಜು, ಮೊಸರುಬಜ್ಜಿ; ಪುಣೆಯವರಲ್ಲಿ ಭರೀತ; ದಿಲ್ಲಿಯವರಲ್ಲಿ ಭರ್ತಾ. ಇದರಲ್ಲಿ ಯಾರು ಯಾರಿಂದ ಕಲಿತರೆಂದು ವಾದಿಸುವುದು ವ್ಯರ್ಥ. ಬೆಂಕಿಯೂ ಬದನೆಯೂ ಇದ್ದಲ್ಲೆಲ್ಲ ಅದು ತಾನಾಗಿ ಹುಟ್ಟಬಲ್ಲುದು.

ಮೇಲೆ ಎತ್ತಿದ ಪ್ರಶ್ನೆಗೆ ಉತ್ತರ, ನನ್ನ ಎಣಿಕೆಯಲ್ಲಿ, ನಮ್ಮ ಭಕ್ಷ್ಯನಾಮಗಳ ವ್ಯಾಕರಣದಲ್ಲಿಯೇ ಇದೆ. ಕನ್ನಡಿಗರ ದಿನಬಳಕೆಯ ವ್ಯಂಜನಗಳ ಹೆಸರುಗಳನ್ನು ಬಿಡಿಸಿ ನೋಡಿ. ಬೇಯಿಸಿದ ಸೊಪ್ಪು ಕಾಳುಗಳ ಕಟ್ಟನ್ನು ಬಸಿದು ಮಾಡಿದುದು ಬಸ್ಸಾರು. ಬೆಂದ ಸೊಪ್ಪನ್ನು ಮಸೆದುದು ಮಸ್ಸೊಪ್ಪು. ಎಣ್ಣೆಯಲ್ಲಿ ಬಾಡಿಸಿದ ಕಾಯಿ ಎಣ್ಣೆಗಾಯಿ. ಕುದಿಸದೆ ಕಲಸಿದುದು ಹಸಿಗೊಜ್ಜು. ಓಗರದ, ಎಂದರೆ ಅನ್ನದ, ಮೇಲಕ್ಕೆ ಬರುವುದು ಮೇಲೋಗರ. ಹುಳಿಯಾದುದು ಹುಳಿ. ಇವುಗಳಲ್ಲಿ ಹೆಚ್ಚಿನವು ಕೆಲಸದ ಹೆಸರುಗಳು, ರುಚಿಯ ಹೆಸರುಗಳು; ಪದಾರ್ಥದ ಹೆಸರುಗಳಲ್ಲ. ಯಾವ ಸೊಪ್ಪು, ಯಾವ ಕಾಯಿ ಎಂಬುದನ್ನು ಹೆಸರು ಹೇಳುವುದಿಲ್ಲ; ಅದನ್ನು ಋತುವಿಗೂ ಹಿತ್ತಲಿಗೂ ಬಿಟ್ಟಿದೆ. ಹೇಳಬೇಕಾದಾಗ ಹಾಗಲಕಾಯಿ ಗೊಜ್ಜು, ಬೆಂಡೆಕಾಯಿ ಗೊಜ್ಜು ಎಂದು ಮುಂದೆ ಒಂದು ಮಾತನ್ನು ಸೇರಿಸುವೆವು. ಟೊಮೆಟೊ ಗೊಜ್ಜೆಂಬಲ್ಲಿ ಬದಲಾದುದು ವಿಶೇಷಣ. ವಿಶೇಷ್ಯವು ಇದ್ದಲ್ಲಿಯೇ ಇದೆ. ನಮ್ಮ ಹಿರಿಯರೂ ಆ ತರುಣಿಯೂ ಜಗಳವಾಡಿದುದು ವಿಶೇಷಣದ ಬಗೆಗೆ. ಕೋಸಂಬರಿಯಂಥ ಒಂದೆರಡು ಹೆಸರುಗಳು ಈ ನಿಯಮಕ್ಕೆ ಅಧೀನವಾಗುವುದಿಲ್ಲವೆಂಬುದನ್ನು ಬಲ್ಲೆ. ಅವು ಹಾಗೆಯೇ ಇರಲಿ.

ತಂಬುಳಿಯನ್ನು ನಾನು ಬೇಕೆಂದೇ ಕೊನೆಗೆ ಉಳಿಸಿಕೊಂಡೆನು. ಮಲೆನಾಡಿನವರಿಗೂ ಕರಾವಳಿಯವರಿಗೂ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ದಾಳಿಂಬೆಯ ಕುಡಿಯನ್ನೋ ತುಪ್ಪದಲ್ಲಿ ಜೀರಿಗೆ ಮೆಣಸುಗಳೊಡನೆ ಬಾಡಿಸಿ, ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ, ಒಗ್ಗರಣೆ ಕೊಟ್ಟರೆ ತಂಬುಳಿ. ಮಜ್ಜಿಗೆ ಬೆರೆತ ಮೇಲೆ ಒಲೆಯ ಮೇಲಿಡುವಂತಿಲ್ಲ. ಅದು ಅದರ ಧರ್ಮ. ಹೆಸರನ್ನು 'ತಂಪು ಹುಳಿ' ಎಂದು ಬಿಡಿಸುವುದು ವಾಡಿಕೆ. ಅರ್ಥ ಸರಿಯಾಗಿದೆ; ಆದರೆ ರೂಪವನ್ನು ಇನ್ನಷ್ಟು ಕೂಲಂಕಷವಾಗಿ ನೋಡಬೇಕು. ತಣ್ಣೀರು, ತಂಗಾಳಿಗಳಲ್ಲಿರುವ 'ತಣ್' ಎಂಬುದೇ ಇಲ್ಲಿಯ ಪೂರ್ವಪದ. ಉತ್ತರಪದವು 'ಹುಳಿ'ಯಾಗಿದ್ದರೆ ನಮಗೆ ದೊರೆಯಬೇಕಾದುದು 'ತಣ್‌ಹುಳಿ' ಅಥವಾ ಅದರ ವಿಕಾರ. ಬಕಾರಕ್ಕೆ ಅಲ್ಲಿ ಎಡೆಯಿಲ್ಲ. ಬಕಾರ ಬರಬೇಕಾದರೆ ಉತ್ತರಪದವು ಹಳಗನ್ನಡದ 'ಪುಳಿ'ಯೇ ಆಗಿರಬೇಕು: ತಣ್ ಮತ್ತು ಪುಳಿ ಸೇರಿ, ಪಕಾರಕ್ಕೆ ಬಕಾರವು ಆದೇಶವಾಗಿ, ತಂಬುಳಿ. ಕೇಶಿರಾಜನು ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ'ದಲ್ಲಿ ನಿರೂಪಿಸಿದ ಗದಬಾದೇಶವೇ ಇದು. ಕಣ್ ಮತ್ತು ಪನಿ ಸೇರಿ ಕಂಬನಿಯಾದುದು ಇದಕ್ಕೆ ಸರಿಯಾದ ಜೋಡಿ. ಬಿಡಿಯಾಗಿದ್ದ 'ಪನಿ' ಮುಂದೆ 'ಹನಿ'ಯಾಯಿತು. ಸಮಾಸದೊಳಗೆ ಅಡಗಿಕೊಂಡದ್ದು ಕಂಬನಿಯಾಗಿಯೇ ಉಳಿಯಿತು. ಹಾಗೆಯೇ 'ಪುಳಿ' ಹುಳಿಯಾಯಿತು. ತಂಬುಳಿ ತಂಬುಳಿಯಾಗಿಯೇ ನಿಂತಿತು.

ಪಕಾರವು ಹಕಾರವಾಗುವ ಪ್ರವೃತ್ತಿ ಹತ್ತನೆಯ ಶತಮಾನದಿಂದೀಚೆಗೆ ತಲೆದೋರಿ, ಹದಿನಾಲ್ಕನೆಯ ಶತಮಾನದ ವೇಳೆಗೆ ಬಹುಮಟ್ಟಿಗೆ ನೆಲೆಗೊಂಡಿತೆಂಬುದು ಶಾಸನಗಳಿಂದ ತಿಳಿದ ಸಂಗತಿ. ಆದುದರಿಂದ ತಂಬುಳಿ ಎಂಬ ಪದವು ಆ ಬದಲಾವಣೆ ಪೂರ್ಣವಾಗುವುದಕ್ಕೆ ಮುಂಚೆಯೇ ಹುಟ್ಟಿರಬೇಕು. ಮಂಗರಸನಿಗಿಂತ ಅದು ಹಳೆಯದು. ಗೋವೆಯಲ್ಲಿ ಇಳಿದ ಮೆಣಸಿನಕಾಯಿಗಿಂತ ಎಷ್ಟೋ ಹಳೆಯದು. ಪದ ಹಳೆಯದಾದ ಮಾತ್ರಕ್ಕೆ ಇಂದಿನ ಬಟ್ಟಲಿನಲ್ಲಿರುವುದು ಅಂದಿನದೇ ಎಂದು ಹೇಳಲಾಗದು, ನಿಜ. ಆದರೆ ತಣ್ಣಗೆ, ಹುಳಿಯಾಗಿ ಎಂಬ ಎರಡು ಗುಣಗಳನ್ನು ಹೆಸರೇ ಕಾಯ್ದುಕೊಂಡು ಬಂದಿದೆ. ಒಲೆಯಿಂದ ದೂರವಿಟ್ಟು ಮಾಡುವ ಈ ಅಡುಗೆಯ ಕ್ರಮಕ್ಕೆ ಇಷ್ಟು ಗಟ್ಟಿಯಾದ ಸಾಕ್ಷ್ಯವನ್ನು ರಾಜಾಸ್ಥಾನದ ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ. ಅಡುಗೆಮನೆಯಲ್ಲಿ ಪ್ರತಿದಿನ ಅದನ್ನು ಉಚ್ಚರಿಸುತ್ತಲೇ ಇರುವರು. ಇಲ್ಲೊಂದು ವಿನೋದವನ್ನೂ ಹೇಳಬಹುದು. 'ತಂಗಳು' ಎಂಬ ಮಾತೂ ಅದೇ 'ತಣ್' ಧಾತುವಿನ ಸಂತಾನ. ಅತ್ಯಂತ ತಾಜಾ ಆಗಿರಬೇಕಾದ ತಂಬುಳಿಯೂ, ರಾತ್ರಿಯಿಂದ ಉಳಿದ ತಂಗಳೂ ಒಂದೇ ತಾಯಿಯ ಮಕ್ಕಳು. ಬಡವನ ಮನೆಯಲ್ಲಿ ಬೆಳಗಾಗೆದ್ದು ಒಂದನ್ನು ಇನ್ನೊಂದಕ್ಕೆ ನಂಚಿಕೊಂಡದ್ದೂ ಉಂಟು.

ಪಚ್ಚಡಿಯ ವಿಷಯ ಇಷ್ಟು ಸ್ಪಷ್ಟವಲ್ಲ. ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಅದೇ ಹೆಸರಿದೆ. ಹಸಿ, ಹಸಿರು ಎಂಬರ್ಥದ ಧಾತುವೇ ಮೂಲ. ಕನ್ನಡದಲ್ಲಿ ಆದಿಯ ಪಕಾರ ಹಾಗೆಯೇ ಉಳಿದಿರುವುದರಿಂದ ನೆರೆಭಾಷೆಗಳ ಸಂಪರ್ಕವನ್ನು ಶಂಕಿಸಲು ಅವಕಾಶವಿದೆ. ಹೈದರಾಬಾದಿನ ಕನ್ನಡಿಗನಿಗೆ ಪಚ್ಚಡಿಯೆಂದರೆ ರುಬ್ಬಿದ ಖಾರದ ಚಟ್ನಿ. ಚೆನ್ನೈಯವನಿಗೆ ಮೊಸರಿನಲ್ಲಿ ಕಲಸಿದುದು. ಧಾರವಾಡದಿಂದ ಬಂದವನಿಗೆ ಹೆಚ್ಚಿದ ಹಸಿ ತರಕಾರಿ. ಮೂವರೂ ಒಂದೇ ಪಂಕ್ತಿಯಲ್ಲಿ ಕುಳಿತರೆ ಬಡಿಸುವವನ ಗತಿ ಏನು! ಗೊಜ್ಜಾದರೋ ತಮಿಳುನಾಡಿನಲ್ಲಿ 'ಗೊತ್ಸು' ಆಗಿ ಚಿದಂಬರದ ಬದನೆಯೊಡನೆ ಹೆಸರು ಮಾಡಿದೆ. ಇಂದು ಎಲ್ಲರ ನಾಲಗೆಯ ಮೇಲಿರುವ 'ಚಟ್ನಿ' ಮಾತ್ರ ಉತ್ತರದಿಂದ ಬಂದ ಪದ, ನೆಕ್ಕುವುದೆಂಬ ಅರ್ಥದ್ದು.

ಈವರೆಗೆ ಹೇಳಿದುದು ಬರೆಹ ಬಲ್ಲವರ ಮನೆಗಳ ಮಾತು. ಆಧಾರಗಳು ಎಲ್ಲಿ ಮೌನವಾಗುವುವೋ ಅಲ್ಲಿಂದಲೇ ನಿಜವಾದ ತೊಡಕು ಪ್ರಾರಂಭವಾಗುವುದು. ಚಕ್ರವರ್ತಿಯೂ ಪ್ರಭುವೂ ಬರೆದ ಪಾಕಶಾಸ್ತ್ರದಲ್ಲಿ ರಾಗಿಯ ಹೊಲದ ಬದುವಿನ ಮೇಲೆ ತಾನಾಗಿ ಬೆಳೆದ ಸೊಪ್ಪಿಗೆ ಜಾಗವೆಲ್ಲಿಯದು? ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ರಾಗಿಗೂ ಅಕ್ಕಿಗೂ ವಾದ ಹೂಡಿಸಿ, ರಾಗಿಗೆ ಗೆಲವನ್ನು ಕೊಡಿಸಿ, ಬಡವರ ಧಾನ್ಯಕ್ಕೆ ಸಾಹಿತ್ಯದಲ್ಲಿ ಒಂದು ಗದ್ದುಗೆಯನ್ನು ಹಾಕಿಕೊಟ್ಟರು. ಮುದ್ದೆಯ ಜೊತೆಗೆ ಬಟ್ಟಲಿಗೆ ಬೀಳುವ ಸೊಪ್ಪಿಗೆ ಅಂಥ ವಕೀಲರು ದೊರೆಯಲಿಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಳೆಗಾಲದ ಕಳೆ ಕೀಳುವ ಹೆಂಗಸರು ಮಡಿಲು ತುಂಬ ತರುತ್ತಿದ್ದ 'ಬೆರಕೆ ಸೊಪ್ಪು' ಒಂದು ಸೊಪ್ಪಲ್ಲ. ಹತ್ತು ಹದಿನೈದು ಬಗೆಯ ಎಲೆಗಳ ಒಂದು ಕೂಟ. ಯಾವುದನ್ನು ಕುಡಿಯಷ್ಟೇ ಚಿವುಟಬೇಕು, ಯಾವುದನ್ನು ಬೇರುಸಹಿತ ಕೀಳಬೇಕು, ಕಹಿಯಾದದ್ದಕ್ಕೆ ಜೊತೆಯಾಗಿ ಯಾವುದನ್ನು ಹಾಕಬೇಕು, ಯಾವುದನ್ನು ಹೂ ಬಂದ ಮೇಲೆ ಮುಟ್ಟಬಾರದು ಎಂಬುದು ಅವರ ಕೈಗೆ ಗೊತ್ತಿತ್ತು. ಅದು ಲೋಕೋಪಕಾರಕ್ಕೆ ಕಡಮೆಯಾದ ವಿದ್ಯೆಯೇನೂ ಅಲ್ಲ. ಅದನ್ನು ಓಲೆಗೆ ಇಳಿಸುವವರು ಮಾತ್ರ ಇರಲಿಲ್ಲ. ಹೊಲದಲ್ಲಿ ಕಿತ್ತು ತಂದುದಕ್ಕೆ ಬೆಲೆಯಿಲ್ಲ, ಬೆಲೆಯಿಲ್ಲದುದಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದುದಕ್ಕೆ ದಾಖಲೆಯಿಲ್ಲ.

ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಊಟವೂ ಇಂಥದೇ. ಹಕ್ಕರಿಕೆ, ಮೆಂತ್ಯ, ಮೂಲಂಗಿಯ ಎಳೆಯ ಎಲೆಗಳನ್ನು ಹಸಿಯಾಗಿಯೇ ರೊಟ್ಟಿಯ ಮಗ್ಗುಲಿಗೆ ಇಟ್ಟುಕೊಂಡು, ಗುರೆಳ್ಳಿನದೋ ಅಗಸಿಯದೋ ಪುಡಿಯನ್ನು ಮೊಸರಿನಲ್ಲಿ ಕಲಸಿ ನಂಚಿಕೊಂಡು ಉಣ್ಣುವ ಒಕ್ಕಲಿಗನಿಗೆ, ತಾನು ಯಾವುದೋ ಪಾಕಪದ್ಧತಿಯನ್ನು ಅನುಸರಿಸುತ್ತಿದ್ದೇನೆಂಬ ಭಾವನೆಯೇ ಇರುವುದಿಲ್ಲ. ಆ ಎಲೆಗಳು ಕಿತ್ತ ಒಂದೆರಡು ಗಂಟೆಗಳೊಳಗೆ ತಿನ್ನತಕ್ಕವು. ಗಾಡಿ ಹತ್ತಿ ನಗರಕ್ಕೆ ಬರುವಷ್ಟರಲ್ಲಿ ಸೋತುಹೋಗುವುವು.

ಇನ್ನು ನಮ್ಮ ಮನೆಗಳ ಮಾತು. ಊರು ಬಿಟ್ಟ ಕನ್ನಡಿಗನ ಅಡುಗೆಮನೆಯಲ್ಲಿ ವಿಶೇಷ್ಯಗಳೆಲ್ಲವೂ ಕ್ಷೇಮವಾಗಿವೆ. ಒಂದೆಲಗ ದೊರೆಯದಲ್ಲಿ ಪಾಲಕ್ ಸೊಪ್ಪಿನ ತಂಬುಳಿಯಾಗುವುದು. ದಿಲ್ಲಿಯ ಚಳಿಗಾಲದಲ್ಲಿ ಬಥುವಾ ಸೊಪ್ಪಿನ ಮಸ್ಸೊಪ್ಪಾಗುವುದು. ಕೆಂಪು ಕ್ಯಾರೆಟ್ಟಿನ ಕೋಸಂಬರಿಯಾಗುವುದು. ಒರಳು ಹೋಗಿ ಮಿಕ್ಸಿ ಬಂದರೂ ರುಬ್ಬುವುದು ರುಬ್ಬುವುದೇ. ಕಲ್ಲಿನ ತಂಬುಳಿಗೂ ಯಂತ್ರದ ತಂಬುಳಿಗೂ ನಾಲಗೆಗೆ ಗೊತ್ತಾಗುವ ಅಂತರವಿದೆಯೆಂದು ಹಟ ಹಿಡಿಯುವವರಲ್ಲಿ ನಾನೂ ಒಬ್ಬನು, ಆದರೆ ಇದನ್ನು ಪ್ರಮಾಣೀಕರಿಸಲಾರೆ. ಮೇಲೆ ಹೇಳಿದ ವ್ಯಾಕರಣವು ಇಲ್ಲಿಯೂ ತನ್ನ ಕೆಲಸವನ್ನು ಮಾಡುತ್ತಲೇ ಇದೆ. ಮೆಣಸಿನಕಾಯಿಯನ್ನೂ ಟೊಮೆಟೊವನ್ನೂ ಒಳಗೆ ಬಿಟ್ಟುಕೊಂಡ ಬಾಗಿಲಿನಿಂದಲೇ ಬಥುವಾ ಕೂಡ ಒಳಕ್ಕೆ ಬಂದಿತು. ಇದನ್ನು ಕಲಬೆರಕೆಯೆಂದು ಹಳಿಯುವವರು ತಮ್ಮ ಬೇಳೆಸಾರಿನಲ್ಲಿರುವ ಮೆಣಸಿನಕಾಯಿಯನ್ನು ಮೊದಲು ಎತ್ತಿಡಬೇಕಾದೀತು.

ಆದರೆ ಒಂದು ನಷ್ಟವನ್ನು ಈ ವ್ಯಾಕರಣವು ಮುಚ್ಚಿಡುವುದು. ಹೆಸರು ಪದಾರ್ಥವನ್ನು ಹೇಳದ ಕಾರಣ, ಪದಾರ್ಥವು ಕೈಬಿಟ್ಟುಹೋದುದು ನಮ್ಮ ಗಮನಕ್ಕೇ ಬರುವುದಿಲ್ಲ. ಮಸ್ಸೊಪ್ಪು ಇದ್ದೇ ಇದೆ. ಅದರೊಳಗಿದ್ದ ಹನ್ನೆರಡು ಎಲೆಗಳು ಎರಡಾಗಿವೆ. ಬೇರೆ ಊರುಗಳಲ್ಲಿ ಆ ಎಲೆಗಳು ಇಲ್ಲವೆಂದೂ ಅಲ್ಲ. ಅವು ಬೇರೆ ಹೆಸರಿನಲ್ಲಿ ನಮ್ಮೆದುರಿಗೇ ಇರುವುವು. ನಮ್ಮ ಬಸಳೆ ಹೈದರಾಬಾದಿನಲ್ಲಿ ಬಚ್ಚಲಿ, ಮುಂಬಯಿಯಲ್ಲಿ ಮಾಯಾಳು, ದಿಲ್ಲಿಯಲ್ಲಿ ಪೋಯಿ. ಬಿಜಾಪುರದವರ ಪುಂಡಿಪಲ್ಯವು ತೆಲುಗರ ಗೋಂಗೂರ, ಮರಾಠಿಗರ ಅಂಬಾಡಿ. ಸಬ್ಬಸಿಗೆ ಪುಣೆಯಲ್ಲಿ ಶೇಪು. ಒಂದೆಲಗವು ಚೆನ್ನೈಯಲ್ಲಿ ವಲ್ಲಾರೈ. ಹೊನಗೊನೆ ಅಲ್ಲಿ ಪೊನ್ನಾಂಗಣ್ಣಿ, ನಮ್ಮಲ್ಲಿ ಹಕಾರವಾದ ಪಕಾರವನ್ನು ತಮಿಳು ಇಲ್ಲಿಯೂ ಹಾಗೆಯೇ ಕಾಪಾಡಿಕೊಂಡಿದೆ. ಸಂತೆಯಲ್ಲಿ ಇವುಗಳ ಮುಂದೆಯೇ ಹಾದುಹೋಗುವ ನಮ್ಮ ಮಕ್ಕಳಿಗೆ ಎರಡೂ ಹೆಸರುಗಳು ಗೊತ್ತಿಲ್ಲ. ಆದುದರಿಂದ ಅವರು ಪಾಲಕ್ ಕೊಂಡು ಬರುವರು.

ಕೆಲವು ತಿಂಗಳ ಹಿಂದೆ, ಮಂಡ್ಯದ ಕಡೆಯಿಂದ ಮಗನ ಮನೆಗೆಂದು ಮುಂಬಯಿಗೆ ಬಂದು ನಮ್ಮ ನೆರೆಯಲ್ಲಿಯೇ ನೆಲೆಸಿರುವ ವೃದ್ಧೆಯೊಬ್ಬರನ್ನು ಕಾಣಲು ಹೋದೆನು. ಬೆರಕೆ ಸೊಪ್ಪಿನಲ್ಲಿ ಯಾವ ಯಾವ ಎಲೆಗಳಿರುತ್ತಿದ್ದುವೆಂದು ಕೇಳಿ ಬರೆದುಕೊಳ್ಳುವುದು ನನ್ನ ಉದ್ದೇಶ. ಆಕೆ ಅಣ್ಣೆ, ಗಣಿಕೆ, ಹೊನಗೊನೆ, ಗೋಣಿ, ಕೀರೆ ಎಂದು ಬೆರಳು ಮಡಿಸುತ್ತ ಹೋದರು. ನಡುವೆ ಬಂದ ಮೂರು ಹೆಸರುಗಳನ್ನು ನಾನು ಕೇಳಿಯೂ ಇರಲಿಲ್ಲ. ನಿಘಂಟಿನಲ್ಲಿ ಆಮೇಲೆ ಹುಡುಕಿದರೂ ಸಿಕ್ಕಲಿಲ್ಲ. ಅವು ಹೇಗಿರುತ್ತವೆಂದು ವಿಚಾರಿಸಿದಾಗ ಆಕೆಗೆ ಬೇಸರ ಬಂದಿತು. "ಹೆಸ್ರು ಹೇಳುದ್ರೆ ಏನ್ ಬಂತಪ್ಪ? ಕಣ್ಣಿಗೆ ಬಿದ್ರೆ ಕಿತ್ಕೊಡ್ತಿದ್ದೆ" ಎಂದರು. ಮಾರನೆಯ ವಾರ ಅವರನ್ನು ಸೊಪ್ಪಿನ ಸಂತೆಗೆ ಕರೆದುಕೊಂಡು ಹೋದೆವು. ಕೊತ್ತಂಬರಿ ಮೆಂತ್ಯಗಳ ರಾಶಿಗಳನ್ನೆಲ್ಲ ದಾಟಿ, ಕೊನೆಯಲ್ಲಿ ಗೋಣಿತಟ್ಟಿನ ಮೇಲೆ ನಾಲ್ಕೇ ಕಟ್ಟುಗಳನ್ನಿಟ್ಟುಕೊಂಡು ಕುಳಿತಿದ್ದ ಒಬ್ಬ ಮುದುಕಿಯ ಮುಂದೆ ಆಕೆ ನಿಂತುಬಿಟ್ಟರು. ಕೆಂಪು ದಂಟಿನ, ದಪ್ಪನೆಯ ಪುಟ್ಟ ಎಲೆಗಳ ಸೊಪ್ಪು. ಮಾರುವವಳು 'ಘೋಳ' ಎಂದಳು. ನಮ್ಮವರು 'ಗೋಣಿಸೊಪ್ಪು' ಎಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಇಬ್ಬರೂ ಒಂದೊಂದು ಕಡ್ಡಿಯನ್ನು ಹಿಡಿದುಕೊಂಡು, ಎಲ್ಲಿ ಚಿವುಟಬೇಕೆಂಬುದನ್ನು ಉಗುರಿನಿಂದ ಪರಸ್ಪರ ತೋರಿಸಿಕೊಂಡರು. ಇಬ್ಬರ ಉಗುರೂ ಒಂದೇ ಗೆಣ್ಣಿನ ಮೇಲಿತ್ತು. ನಾಲ್ಕು ಕಟ್ಟುಗಳನ್ನೂ ಕೊಂಡೆವು. ಆಕೆ ಹೇಳಿದ ಮೂರು ಹೆಸರುಗಳು ನನ್ನ ಪುಸ್ತಕದಲ್ಲಿ ಇನ್ನೂ ಹಾಗೆಯೇ ಇವೆ; ಮುಂದಿನ ಮಳೆಗಾಲದಲ್ಲಿ ಆಕೆಯನ್ನು ಮತ್ತೆ ಕರೆದುಕೊಂಡು ಹೋಗಬೇಕು.